ಉಸಿರಿನ ಡಬ್ಬಿಯಲ್ಲಿ ಉಳಿತಾಯ ಬೇಡ

ಸಹಪಾಠಿಗಳೇ, ಸೋಡಾ ಲೈಮ್ ಎಂದರೆ ನಮಗೆ ನೆನಪಾಗುವುದು ಡಿಕಾರ್ಬಾಕ್ಸಿಲೇಷನ್ ಸಮೀಕರಣ, ಅದಕ್ಕೆ ಸಿಗುವ ಅಂಕ. ಅದೇ ಬಿಳಿ ಹರಳುಗಳು ಸಮುದ್ರದಾಳದಲ್ಲಿ ಮನುಷ್ಯನ ಜೀವ ಕಾಯುತ್ತವೆ.

ಸಾಮಾನ್ಯ ಸ್ಕೂಬಾದಲ್ಲಿ ಹೊರಬಿಟ್ಟ ಉಸಿರು ಗುಳ್ಳೆಯಾಗಿ ಹೋಗಿಬಿಡುತ್ತದೆ. ರೀಬ್ರೀದರ್ ಎಂಬ ಸಾಧನದಲ್ಲಿ ಅದೇ ಉಸಿರು ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾದು, ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು, ಆಕ್ಸಿಜನ್ ಸೇರಿಸಿಕೊಂಡು ಮತ್ತೆ ಬಾಯಿಗೆ ಬರುತ್ತದೆ. ಆ ಡಬ್ಬಿಯೇ ಸ್ಕ್ರಬ್ಬರ್. ನೀರು ನುಗ್ಗಿದ್ದ ಸೆವರ್ನ್ ಸುರಂಗದೊಳಗೆ 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಕತ್ತಲಲ್ಲಿ ಹೋದದ್ದು ಹೆನ್ರಿ ಫ್ಲೂಸ್ ರೂಪಿಸಿದ ರೀಬ್ರೀದರ್ ಧರಿಸಿ.

ಈ ಡಬ್ಬಿ ಎಷ್ಟು ದೊಡ್ಡದಿರಬೇಕು? ಚಿಕ್ಕದಾದರೆ ಹೊರಲು ಹಗುರ, ಇಕ್ಕಟ್ಟಾದ ಗುಹೆಯಲ್ಲೂ ನುಸುಳಬಹುದು ಎನ್ನುವವರಿದ್ದಾರೆ. ಮಾತು ನಿಜ. ಆದರೆ ಸುಮ್ಮನೆ ಕುಳಿತವನು ನಿಮಿಷಕ್ಕೆ ಸುಮಾರು 0.2 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ, ಪ್ರವಾಹದ ವಿರುದ್ಧ ಈಜುವವನು 1.5 ಲೀಟರ್ ದಾಟಬಹುದು. ಆದ್ದರಿಂದ ಡಬ್ಬಿಯನ್ನು ಅಳೆಯಬೇಕಾದದ್ದು ಆರಾಮದ ಗಂಟೆಯಿಂದಲ್ಲ, ಅತಿ ಕಷ್ಟದ ನಿಮಿಷದಿಂದ ಎಂಬುದು ನನ್ನ ಅಭಿಪ್ರಾಯ.

ಗಾತ್ರವೊಂದೇ ಸಾಲದು. ಅನಿಲ ಹರಳುಗಳ ನಡುವೆ ಸಾಕಷ್ಟು ಹೊತ್ತು ನಿಲ್ಲಬೇಕು. ಸಡಿಲವಾಗಿ ತುಂಬಿದರೆ ಅದು ಸಂದು ಹುಡುಕಿ ಶುದ್ಧವಾಗದೆಯೇ ಜಾರುತ್ತದೆ. ನೀರು ತಣ್ಣಗಿದ್ದರೆ ಕ್ರಿಯೆ ನಿಧಾನವಾಗುತ್ತದೆ. ಆಳ ಹೆಚ್ಚಿದಂತೆ ಅನಿಲ ಸಾಂದ್ರವಾಗಿ ಕಾರ್ಬನ್ ಡೈಆಕ್ಸೈಡ್ ಹರಳನ್ನು ಮುಟ್ಟುವುದೇ ಕಷ್ಟ. ಕೆಲವು ವಿನ್ಯಾಸಗಳಲ್ಲಿ ಅನಿಲ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತದೆ. ಇನ್ನು ಕೆಲವುಗಳಲ್ಲಿ ನಡುವಿನ ಕೊಳವೆಯಿಂದ ಸುತ್ತಲೂ ಹರಡುತ್ತದೆ. ಆಗ ಹರಿವಿಗೆ ಅಗಲ ಜಾಗ ಸಿಕ್ಕಿ ಉಸಿರಾಟ ಸುಲಭವಾಗುತ್ತದೆ.

ನನಗೆ ಭಯ ಹುಟ್ಟಿಸುವುದು ಉಳಿತಾಯದ ಆಸೆ. "ನಿನ್ನೆ ಒಂದೇ ಗಂಟೆ ಬಳಸಿದ್ದು, ಇವತ್ತೂ ನಡೆಯುತ್ತದೆ" ಎಂಬ ಲೆಕ್ಕ. ಬಣ್ಣ ಬದಲಿಸುವ ಹರಳುಗಳನ್ನೂ ಪೂರ್ತಿ ನಂಬುವಂತಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣ ಮರಳಿಬಿಡಬಹುದು. ಸ್ಕ್ರಬ್ಬರ್ ಸೋತಾಗ ಏದುಸಿರು ಬರುತ್ತದೆ, ಬುದ್ಧಿ ಮಂಕಾಗುತ್ತದೆ. ತೀರ್ಮಾನ ಮಾಡಬೇಕಾದವನಿಗೇ ತೀರ್ಮಾನ ಮಾಡುವ ಶಕ್ತಿ ಇರುವುದಿಲ್ಲ. ಆದ್ದರಿಂದ ತಯಾರಕರು ಹೇಳಿದ ಅವಧಿಯನ್ನು ಗುರಿ ಎಂದಲ್ಲ, ಗಡಿ ಎಂದು ತಿಳಿಯಬೇಕು.

ಉಪನ್ಯಾಸಕರಲ್ಲಿ ಒಂದು ಮನವಿ. ಎರಡು ಗಾಜಿನ ಕೊಳವೆಗಳಲ್ಲಿ ಸೋಡಾ ಲೈಮನ್ನು ಒಂದರಲ್ಲಿ ಒತ್ತಾಗಿ, ಇನ್ನೊಂದರಲ್ಲಿ ಸಡಿಲವಾಗಿ ತುಂಬಿ, ವಿನೆಗರ್ ಮತ್ತು ಅಡುಗೆ ಸೋಡಾದಿಂದ ಬಂದ ಅನಿಲ ಹರಿಸಿ, ಸುಣ್ಣದ ತಿಳಿನೀರು ಎಲ್ಲಿ ಮೊದಲು ಬೆಳ್ಳಗಾಗುತ್ತದೆಂದು ನಮಗೆ ತೋರಿಸಿ. ಆ ಪಾಠ ಪರೀಕ್ಷೆ ಮುಗಿದ ಮೇಲೂ ನಮ್ಮೊಂದಿಗೆ ಉಳಿಯುತ್ತದೆ.