ಮಗುವಿನ ಪಾಲಕರು ಯಾರು?

ಶ್ರೀಮಂತರ ಮನೆಯ ವ್ಯಾಜ್ಯವನ್ನು ಕಿರುತೆರೆ ಸಾಮಾನ್ಯವಾಗಿ ಒಡವೆ, ಉಡುಪು, ಬಂಗಲೆಗಳ ಮೆರವಣಿಗೆಯಾಗಿಸುತ್ತದೆ. 1982ರಲ್ಲಿ ಅಮೆರಿಕದ ಎನ್‌ಬಿಸಿ ಎರಡು ಭಾಗಗಳಲ್ಲಿ ಪ್ರಸಾರ ಮಾಡಿದ ‘ಲಿಟಲ್ ಗ್ಲೋರಿಯಾ... ಹ್ಯಾಪಿ ಅಟ್ ಲಾಸ್ಟ್’ ಕೂಡ ಆ ಮೋಹದಿಂದ ಪೂರ್ತಿ ಮುಕ್ತವಲ್ಲ. ಆದರೂ ಲಖನೌದಲ್ಲಿ ಹುಟ್ಟಿ ಬಾಲ್ಯದಲ್ಲೇ ಬ್ರಿಟನ್ ಸೇರಿದ ವಾರಿಸ್ ಹುಸೇನ್ ನಿರ್ದೇಶಿಸಿದ ಈ ಧಾರಾವಾಹಿ ಇಂದಿಗೂ ನೋಡತಕ್ಕದ್ದು. ಮಗುವಿನ ಹಿತ ಎಂಬ ಮಾತಿನ ಮರೆಯಲ್ಲಿ ಏನೇನು ನಡೆಯಬಲ್ಲದು ಎಂಬುದನ್ನು ಅದು ತೋರಿಸುತ್ತದೆ.

ಕಥೆ ನಿಜವಾದದ್ದು. ವಾಂಡರ್‌ಬಿಲ್ಟ್ ವಂಶದ ರೆಜಿನಾಲ್ಡ್ ಕುಡಿತ, ಜೂಜುಗಳಲ್ಲಿ ಆಸ್ತಿ ಕರಗಿಸಿ 1925ರಲ್ಲಿ ತೀರಿಕೊಂಡಾಗ ಮಗಳು ಗ್ಲೋರಿಯಾಗೆ ಎರಡು ವರ್ಷವೂ ತುಂಬಿರಲಿಲ್ಲ. ಆತ ಮುಟ್ಟಲಾಗದೆ ಉಳಿದಿದ್ದ 50 ಲಕ್ಷ ಡಾಲರಿನ ನಿಧಿ ಇಬ್ಬರು ಹೆಣ್ಣುಮಕ್ಕಳ ಪಾಲಾಯಿತು. ವಿಧವೆಗೆ ಸ್ವಂತದ್ದೆಂಬುದು ಹೆಚ್ಚೇನೂ ಇರಲಿಲ್ಲ; ಮಗುವಿನ ಪಾಲಿನ ಆದಾಯದಿಂದ ನ್ಯಾಯಾಲಯ ಮಂಜೂರು ಮಾಡಿದ ಹಣದಲ್ಲೇ ಆಕೆಯ ಸಂಸಾರ ಸಾಗಬೇಕಿತ್ತು. ಮಗು ಕೈತಪ್ಪಿದರೆ ಜೀವನಾಧಾರವೇ ತಪ್ಪುವಂಥ ಸ್ಥಿತಿ. ಎದುರಿಗೆ ನಿಂತ ಸೋದರತ್ತೆ ಗರ್ಟ್ರೂಡ್ ವಿಟ್ನಿಗೆ ಆ ಹಣದ ಅಗತ್ಯವೇ ಇರಲಿಲ್ಲ. ಆಕೆ ವಸ್ತುಸಂಗ್ರಹಾಲಯವನ್ನೇ ಸ್ಥಾಪಿಸಿದ್ದ ಸಿರಿವಂತೆ. ಹೀಗಾಗಿ ಒಬ್ಬಳದು ಹಣದಾಸೆಯಾಗಿಯೂ ಇನ್ನೊಬ್ಬಳದು ನಿಸ್ವಾರ್ಥವಾಗಿಯೂ ಕಂಡದ್ದು ಆಶ್ಚರ್ಯವಲ್ಲ. ನಿಸ್ವಾರ್ಥಕ್ಕೂ ಬಂಡವಾಳ ಬೇಕು.

1934ರಲ್ಲಿ, ಆರ್ಥಿಕ ಕುಸಿತದ ನಡುವೆ, ನ್ಯೂಯಾರ್ಕಿನ ವಿಚಾರಣೆ ಪತ್ರಿಕೆಗಳಿಗೆ ಸುಗ್ಗಿಯಾಯಿತು. ತಾಯಿ ಮತ್ತೊಬ್ಬ ಮಹಿಳೆಯನ್ನು ಚುಂಬಿಸಿದ್ದನ್ನು ಕಂಡೆನೆಂದು ಸೇವಕಿಯೊಬ್ಬಳು ಸಾಕ್ಷ್ಯ ನುಡಿದದ್ದೇ ತಡ, ನ್ಯಾಯಾಧೀಶ ಜಾನ್ ಕೆರ್ಯೂ ಪತ್ರಕರ್ತರನ್ನು ಹೊರಗೆ ಕಳುಹಿಸಿದರು. ಬಾಗಿಲು ಮುಚ್ಚಿತು, ಕಳಂಕ ಮಾತ್ರ ಹೊರಗೇ ಉಳಿಯಿತು. ಮಗುವಿಗೆ ಉಣಿಸಿದವರು ಯಾರು, ಇರುಳಲ್ಲಿ ಎದ್ದವರು ಯಾರು ಎಂಬುದಕ್ಕಿಂತ ತಾಯಿಯ ರಾತ್ರಿಗಳೇ ದೊಡ್ಡ ಸುದ್ದಿಯಾದವು. ಆಸ್ತಿ ಕರಗಿಸಿದ ತಂದೆಯ ನಡತೆ ಆತನೊಂದಿಗೇ ಮಣ್ಣಾಗಿತ್ತು.

ಉಣಿಸಿದವಳು, ಎದ್ದವಳು ದಾದಿ ಎಮ್ಮಾ ಕೀಸ್ಲಿಕ್. ಮಗು ‘ಡೋಡೋ’ ಎಂದು ಕರೆಯುತ್ತಿದ್ದದ್ದು ಆಕೆಯನ್ನೇ. ಮಾರಿನ್ ಸ್ಟೇಪಲ್ಟನ್ ಈ ಪಾತ್ರವನ್ನು ಸಾಧುವಾಗಿಸದೆ, ಮಗುವಿನ ಮೇಲೆ ಹಕ್ಕು ಸಾಧಿಸುವ, ತಾಯಿಯ ವಿರುದ್ಧ ಭಯ ಬಿತ್ತುವ ಹೆಂಗಸಾಗಿಯೂ ತೋರಿಸಿದ್ದಾರೆ. ಸಂಬಳಕ್ಕೆ ದುಡಿಯುವವಳ ಪ್ರೀತಿ ಅಷ್ಟು ಗಾಢವಾಗಬಹುದೆಂಬುದನ್ನು ಮಾಲೀಕರ ಮನೆಗಳು ಅನುಕೂಲವಿರುವವರೆಗೆ ಮಾತ್ರ ಒಪ್ಪುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಾಗಲಿ, ಕೊಲ್ಲಿ ದೇಶಗಳಲ್ಲಿ ಆಯಾಗಳನ್ನು ಇಟ್ಟುಕೊಂಡಿರುವ ಕನ್ನಡಿಗರ ಮನೆಗಳಲ್ಲಾಗಲಿ ಈ ಪಾತ್ರವನ್ನು ಗುರುತಿಸುವುದು ಕಷ್ಟವಲ್ಲ. ಒಪ್ಪಂದ ಮುಗಿದ ದಿನ ಆಕೆಯ ಪೆಟ್ಟಿಗೆಯೂ ಬಾಗಿಲ ಬಳಿ ಬಂದಿರುತ್ತದೆ.

ಹತ್ತು ವರ್ಷದ ಬಾಲೆ ತಾಯಿಯೆಂದರೆ ತನಗೆ ಭಯವೆಂದು ನ್ಯಾಯಾಧೀಶರ ಮುಂದೆ ಹೇಳಿದಳು. ಡೋಡೋಳಿಂದ ತನ್ನನ್ನು ಅಗಲಿಸುತ್ತಾರೆಂಬುದೇ ಆಗ ತನ್ನ ದೊಡ್ಡ ಭಯವಾಗಿತ್ತು ಎಂದು ಗ್ಲೋರಿಯಾ ದೊಡ್ಡವರಾದ ಮೇಲೆ ನೆನೆದಿದ್ದಾರೆ. ತೀರ್ಪಿನಲ್ಲಿ ಮಗು ಅತ್ತೆಗೆ ಸಿಕ್ಕಿತು. ತಾಯಿಗೆ ವಾರಾಂತ್ಯಗಳು, ಕ್ರಿಸ್‌ಮಸ್ ದಿನ ಮತ್ತು ಜುಲೈ ತಿಂಗಳು ಸಿಕ್ಕವು. ಡೋಡೋಳನ್ನು ಕೆಲಸದಿಂದ ಕಳುಹಿಸಲಾಯಿತು.