ಪುಟಾಣಿಗಳಿಗೆ ‘ವರ್ಡ್ ಮೀನಿಂಗ್’ ಬಾಯಿಪಾಠ ಬೇಡ



ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಉಡುಪಿ, ಕಾಪು, ಕಾರ್ಕಳ ಕಡೆಯ ಹಲವು ಊರುಗಳಲ್ಲಿ ಹಳೆ ವಿದ್ಯಾರ್ಥಿ ಸಂಘದವರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ), ದಾನಿಗಳು ಸೇರಿ ಎಲ್‌ಕೆಜಿ, ಯುಕೆಜಿ ನಡೆಸುತ್ತಿದ್ದಾರೆ. ಅಲ್ಪ ಗೌರವಧನಕ್ಕೆ ಶಿಕ್ಷಕಿಯರು ದುಡಿಯುತ್ತಿದ್ದಾರೆ. ಅವರೆಲ್ಲರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಇಂಥ ತರಗತಿಗಳಲ್ಲೂ ಖಾಸಗಿ ನರ್ಸರಿಗಳಲ್ಲೂ ನಾಲ್ಕು ವರ್ಷದ ಮಕ್ಕಳಿಗೆ ಇಂಗ್ಲಿಷ್ ಪದಗಳ ಅರ್ಥ ಕಲಿಸುವ ಕ್ರಮ ತಪ್ಪು ಎಂದು ಹೇಳಲೇಬೇಕಾಗಿದೆ.

ಉದ್ಯಾವರದ ಹೊಳೆಬದಿಯ ಮನೆಯೊಂದರಲ್ಲಿ ಇತ್ತೀಚೆಗೆ ಯುಕೆಜಿ ಮಗುವಿನ ಕಾಪಿ ಪುಸ್ತಕ ನೋಡಿದೆ. ಎಡಗಡೆ ಕ್ರ್ಯಾಬ್, ಲೀಫ್, ಕ್ಲೌಡ್. ಬಲಗಡೆ ಏಡಿ, ಎಲೆ, ಮೋಡ. ಪ್ರತಿಯೊಂದನ್ನೂ ಐದೈದು ಸಲ ಬರೆಸಲಾಗಿತ್ತು. ಕ್ರ್ಯಾಬ್ ಎಂದರೇನು ಎಂದು ಮಗುವನ್ನು ಕೇಳಿದೆ. ಏಡಿ ಎಂದು ತಟ್ಟನೆ ಹೇಳಿತು. ಏಡಿ ಎಂದರೇನು ಎಂದಾಗ ಸುಮ್ಮನಾಯಿತು. ತುಳುವಿನಲ್ಲಿ ‘ಡೆಂಜಿ’ ಎಂದದ್ದೇ ತಡ, ಮುಖ ಅರಳಿತು. ಬಿಲದಿಂದ ಹೊರಬಂದು ಅಡ್ಡಡ್ಡ ಓಡುವುದು, ಕೈ ಇಟ್ಟರೆ ಕಚ್ಚಿ ಹಿಡಿಯುವುದು ಎಲ್ಲವನ್ನೂ ಬೆರಳಲ್ಲೇ ಮಾಡಿ ತೋರಿಸಿತು. ಏಡಿಯ ಬಗ್ಗೆ ಆ ಮಗುವಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಆ ತಿಳಿವಳಿಕೆಗೂ ಪುಸ್ತಕದ ಪದಕ್ಕೂ ನಂಟು ಹಾಕಿಕೊಟ್ಟವರು ಮಾತ್ರ ಯಾರೂ ಇಲ್ಲ.

ನಮ್ಮ ಜಿಲ್ಲೆಯ ವಿಶೇಷ ಸಮಸ್ಯೆ ಇದೇ. ಇಲ್ಲಿ ಬಹಳಷ್ಟು ಮಕ್ಕಳ ಮನೆಮಾತು ತುಳು. ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳೂ ಅಕ್ಕಪಕ್ಕದಲ್ಲೇ ಇವೆ. ಇಂಥ ಮಗು ಕನ್ನಡವನ್ನೂ ಶಾಲೆಗೆ ಬಂದೇ ಸರಿಯಾಗಿ ಕಲಿಯುವುದು. ಅದರ ಮುಂದೆ ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಬರೆದರೆ ಗೊತ್ತಿಲ್ಲದ ಒಂದು ಪದಕ್ಕೆ ಗೊತ್ತಿಲ್ಲದ ಇನ್ನೊಂದು ಪದವನ್ನು ಜೋಡಿಸಿದ ಹಾಗಾಯಿತು. ಮನೆಮಾತು ಬಾಯಿಗೆ ಬಂದರೆ ಗದರಿಸುವವರೂ ಇದ್ದಾರೆ. ಅರ್ಥ ಹುಟ್ಟುವ ಬಾಗಿಲನ್ನೇ ಮುಚ್ಚಿದರೆ ಕಲಿಕೆ ಎಲ್ಲಿಂದ ಒಳಗೆ ಬರಬೇಕು?

ಸರಳ ಪದಗಳೆಲ್ಲ ಒಂದೇ ಬಗೆಯವಲ್ಲ. ಲೀಫ್, ಶೆಲ್, ಕೋಕೋನಟ್ ಇವುಗಳನ್ನು ಅಂಗಳದಿಂದ ತಂದು ಕೈಗೆ ಕೊಡಬಹುದು. ಜಂಪ್, ಸಿಟ್, ಓಪನ್ ಎಂಬುದನ್ನು ಮಾಡಿ ತೋರಿಸಿ ಮಾಡಿಸಬೇಕು. ಇನ್, ಅಂಡರ್ ಎಂಬುದಕ್ಕೆ ಒಂದು ಬುಟ್ಟಿ, ಒಂದು ಚೆಂಡು ಸಾಕು. ಬಿಗ್ ಎಂಬ ಪದವಂತೂ ಒಂಟಿಯಾಗಿ ಯಾರಿಗೂ ಅರ್ಥವಾಗದು. ಬೂತಾಯಿ ಮೀನಿನ ಪಕ್ಕ ಬಂಗುಡೆ ಬಿಗ್, ಅಂಜಲ್‌ನ ಪಕ್ಕ ಅದೇ ಬಂಗುಡೆ ಸ್ಮಾಲ್. ಮೀನುಪೇಟೆ ಕಂಡ ಮಗುವಿಗೆ ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಪೆನ್ಸಿಲ್ ಹಿಡಿಯಲು ಬೆರಳಿಗೆ ಬಲ ಬರುವ ಮೊದಲೇ ‘ದೊಡ್ಡದು’ ಎಂದು ಐದು ಸಲ ಬರೆಸುವುದರಿಂದ ಕೈ ನೋಯುತ್ತದೆಯೇ ಹೊರತು ತಲೆಗೆ ಏನೂ ಹೋಗುವುದಿಲ್ಲ.

ಇದೇನೂ ಹೊಸ ಮಾತಲ್ಲ. ನಮ್ಮ ಕೋಟದ ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಹೊರತಂದವರು. ಆಟ, ಚಿತ್ರ, ನಾಟಕಗಳ ಮೂಲಕ ಕಲಿಸುವ ಪ್ರಯೋಗವನ್ನು ಪುತ್ತೂರಿನಲ್ಲಿ ಮಾಡಿ ತೋರಿಸಿದವರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಆಡುತ್ತಾ ಕಲಿಯುವ ‘ನಲಿಕಲಿ’ ಕ್ರಮ 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹಾಗಿರುವಾಗ ಒಂದೇ ಶಾಲೆಯಲ್ಲಿ ಒಂದನೇ ತರಗತಿಯ ಮಗು ಕಾರ್ಡು ಹಿಡಿದು ಆಡುತ್ತಾ ಕಲಿಯುವುದು, ಪಕ್ಕದ ಕೋಣೆಯಲ್ಲಿ ಅದಕ್ಕಿಂತ ಚಿಕ್ಕ ಮಗು ಪದ-ಅರ್ಥ ಉರು ಹೊಡೆಯುವುದು ಯಾವ ನ್ಯಾಯ?

ಸರಕಾರಿ ವರದಿಗಳೂ ಕಾಗದದ ಮೇಲೆ ಇದನ್ನು ಒಪ್ಪಿವೆ. ಕೇಂದ್ರವು 2022ರಲ್ಲಿ ಹೊರಡಿಸಿದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಎಂಟು ವರ್ಷದವರೆಗಿನ ಮಕ್ಕಳಿಗೆ ಪರೀಕ್ಷೆ ಸಲ್ಲದು ಎನ್ನುತ್ತದೆ, ಮನೆಮಾತಿನಲ್ಲೇ ಕಲಿಕೆ ಆರಂಭವಾಗಲಿ ಎನ್ನುತ್ತದೆ. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗವೂ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯನ್ನೇ ಮಾಧ್ಯಮವಾಗಿ ಶಿಫಾರಸು ಮಾಡಿದೆ. ಬೇರೆ ವಿಷಯಗಳಲ್ಲಿ ಜಗಳಾಡುವ ಎರಡು ಕಡೆಯವರೂ ಇಲ್ಲಿ ಒಂದೇ ಮಾತು ಹೇಳಿರುವಾಗ ತರಗತಿಯಲ್ಲಿ ಅದು ಜಾರಿಯಾಗದಿರಲು ಕಾರಣವಿಲ್ಲ.

ನಾನು ಇಂಗ್ಲಿಷ್ ವಿರೋಧಿಯಲ್ಲ. ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ, ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದು 2019-20ರಲ್ಲಿ. ಅವೆರಡಕ್ಕೂ ನನ್ನ ತಕರಾರಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲೋ ಗಲ್ಫಿನಲ್ಲೋ ದುಡಿಯುವ ಅಪ್ಪ ಅಮ್ಮಂದಿರಿಗೆ ತಮ್ಮ ಮಕ್ಕಳಿಗೆ ಇಂಗ್ಲಿಷ್ ಬರಲಿ ಎಂಬ ಆಸೆ ಇರುವುದು ಸಹಜ, ಅದು ನ್ಯಾಯವೂ ಹೌದು. ಆ ಆಸೆ ಕೈಗೂಡಬೇಕಾದರೆ ಮಗು ಪದವನ್ನು ಮೊದಲು ಕೇಳಬೇಕು, ಕಾಣಬೇಕು, ಆಡಬೇಕು. ಬರವಣಿಗೆ ಆಮೇಲೆ.

ಆದ್ದರಿಂದ ಜಿಲ್ಲೆಯ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಎಲ್‌ಕೆಜಿ, ಯುಕೆಜಿಗಳಲ್ಲಿ ಪದ-ಅರ್ಥ ಬರೆಸುವುದನ್ನೂ ಅದರ ಮೇಲೆ ಪರೀಕ್ಷೆ ನಡೆಸುವುದನ್ನೂ ನಿಲ್ಲಿಸುವಂತೆ ಸುತ್ತೋಲೆ ಹೊರಡಿಸಬೇಕು. ಗೌರವ ಶಿಕ್ಷಕಿಯರಿಗೆ ಶಾಲಾರಂಭಕ್ಕೆ ಮುನ್ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಮೂಲಕ ತರಬೇತಿ ಕೊಡಬೇಕು. ತುಳು, ಕೊಂಕಣಿ, ಬ್ಯಾರಿಯಲ್ಲಿ ಮಗು ಉತ್ತರಿಸಿದರೆ ಅದನ್ನು ಸರಿಯುತ್ತರವೆಂದೇ ಒಪ್ಪಿ ಮುಂದಿನ ಪದಕ್ಕೆ ಕರೆದೊಯ್ಯಬೇಕು. ಹೆತ್ತವರೂ ಕಾಪಿ ಪುಸ್ತಕದ ಪುಟ ಎಷ್ಟು ತುಂಬಿದೆ ಎಂದು ಶಿಕ್ಷಕಿಯರನ್ನು ಪ್ರಶ್ನಿಸುವುದನ್ನು ಬಿಟ್ಟು, ಇವತ್ತು ಏನೇನು ನೋಡಿದೆ ಎಂದು ಮಗುವನ್ನೇ ಕೇಳಲಿ.

– ಓರ್ವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಉದ್ಯಾವರ