ಪೆಟ್ಟಿಗೆ ಕೆಟ್ಟಾಗ ಮನೆಯಲ್ಲಿ ಯಾರಿಗೆ ಗೊತ್ತು?

ಹೊರನಾಡಿನ ಕನ್ನಡ ಮನೆಗಳಲ್ಲಿ ಟಿ.ವಿ.ಯ ಹಿಂದೆ ಅಂಗೈಯಗಲದ ಒಂದು ಗಣಕಯಂತ್ರ ಕುಳಿತಿರುವುದು ಈಗ ಅಪರೂಪವಲ್ಲ. ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿ ಹಳೆಯ ಸಿನಿಮಾಗಳು, ಊರಿನ ಮೇಳ ಮುಂಬಯಿಗೆ ಬಂದಾಗ ಚಿತ್ರೀಕರಿಸಿಕೊಂಡ ಯಕ್ಷಗಾನ, ಕ್ಯಾಸೆಟ್ಟಿನಿಂದ ಉಳಿಸಿಕೊಂಡ ಅಜ್ಜಿಯ ಹಾಡು, ಮದುವೆ ಮುಂಜಿಗಳ ವಿಡಿಯೊ ಇರುತ್ತವೆ. ಸಾಮಾನ್ಯವಾಗಿ ಆ ಯಂತ್ರ ರಾಸ್ಪ್‌ಬೆರಿ ಪೈ. ಅದರಲ್ಲಿ ಓಡುವ ತಂತ್ರಾಂಶ ಕೋಡಿ. ಮಕ್ಕಳಿಗೆ ಗಣಕಜ್ಞಾನ ಕಲಿಸಲೆಂದು ಕೇಂಬ್ರಿಜ್‌ನಲ್ಲಿ ರೂಪುಗೊಂಡ ಪೈ, 2012ರಲ್ಲಿ 35 ಡಾಲರ್ ಬೆಲೆಗೆ ಮಾರಾಟಕ್ಕೆ ಬಂದಿತು. ಕೋಡಿ ಅದಕ್ಕಿಂತ ಹಳೆಯದು. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹುಟ್ಟಿ, 2014ರಲ್ಲಿ ಈಗಿನ ಹೆಸರು ಪಡೆಯಿತು.

ಈ ಪೆಟ್ಟಿಗೆಯನ್ನು ಮನೆಯಲ್ಲಿ ಎಲ್ಲರೂ ಬಳಸುತ್ತಾರೆ; ಅದರ ಒಳಗುಟ್ಟು ಮಾತ್ರ ಒಬ್ಬರಿಗೇ ಗೊತ್ತಿರುತ್ತದೆ. ಆ ಒಬ್ಬರು ಪರದೇಶಕ್ಕೆ ಹೋದ ಮೇಲೋ, ಇಲ್ಲವಾದ ಮೇಲೋ ಯಂತ್ರ ನಿಂತರೆ, ಉಳಿದವರು ಅದನ್ನು ಎತ್ತಿ ಅಟ್ಟಕ್ಕೆ ಸೇರಿಸುತ್ತಾರೆ. ಹಾಳಾದದ್ದು ಕೆಲವು ನೂರು ರೂಪಾಯಿಯ ಬಿಡಿಭಾಗ. ಕೈತಪ್ಪಿದ್ದು ಒಂದು ಮನೆತನದ ಕನ್ನಡದ ದನಿ. ಈ ಪೆಟ್ಟಿಗೆಯ ದುರಸ್ತಿ ತಂತ್ರಜ್ಞರಿಗೆ ಮೀಸಲಾದ ವಿದ್ಯೆಯಲ್ಲ, ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಅದು ಗೊತ್ತಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕಲಿಯಬೇಕಾದದ್ದು ಬಹಳವೇನೂ ಇಲ್ಲ. ದೋಷವನ್ನು ಹೊರಗಿನಿಂದ ಒಳಕ್ಕೆ ಹುಡುಕಬೇಕು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಮೊದಲನೆಯದು ವಿದ್ಯುತ್ತು. ಪೈಯ ಮೂರನೆಯ ಪೀಳಿಗೆಗೆ ಎರಡೂವರೆ ಆಂಪಿಯರ್, ನಾಲ್ಕನೆಯದಕ್ಕೆ ಮೂರು ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು. ಮನೆಯಲ್ಲಿ ಬಿದ್ದಿದ್ದ ಹಳೆಯ ಮೊಬೈಲ್ ಚಾರ್ಜರಿಗೆ ಜೋಡಿಸಿದರೆ ಯಂತ್ರವೇನೋ ಹೊತ್ತಿಕೊಳ್ಳುತ್ತದೆ. ಸಿನಿಮಾ ಶುರುವಾಗಿ ಡಿಸ್ಕು ತಿರುಗತೊಡಗಿದೊಡನೆ ಕುಸಿದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ತೆರೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಾಣಿಸಿದರೆ ಅದು ವಿದ್ಯುತ್ತು ಸಾಲದೆಂಬ ದೂರು. ಸರಿಯಾದ ಅಡಾಪ್ಟರ್ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಿ ಸಿಗುತ್ತದೆ. ದೊಡ್ಡ ಡಿಸ್ಕಿದ್ದರೆ ಅದಕ್ಕೆ ಬೇರೆ ವಿದ್ಯುತ್ತಿನ ವ್ಯವಸ್ಥೆ ಮಾಡುವುದು ಇನ್ನೂ ಒಳ್ಳೆಯದು.

ಎರಡನೆಯದು ಮೆಮೊರಿ ಕಾರ್ಡು. ಪೈಗೆ ತನ್ನದೇ ಆದ ಸ್ವಿಚ್ಚು ಬಹುಕಾಲ ಇರಲಿಲ್ಲ. ಹಾಗಾಗಿ ಗೋಡೆಯ ಸ್ವಿಚ್ಚನ್ನೇ ಆರಿಸುವ ಅಭ್ಯಾಸ ಎಲ್ಲರಿಗೂ ಬೆಳೆಯಿತು. ಕಾರ್ಡಿನ ಮೇಲೆ ಬರೆಯುತ್ತಿರುವಾಗ ವಿದ್ಯುತ್ತು ಕಡಿದರೆ ಅದರಲ್ಲಿರುವ ಕಡತವ್ಯವಸ್ಥೆ ಕೆಡಬಹುದು. ಆಗ ಕೆಂಪು ದೀಪ ಉರಿಯುತ್ತದೆ, ಕಾರ್ಡನ್ನು ಓದುವಾಗ ಮಿನುಗಬೇಕಾದ ಹಸಿರು ದೀಪ ಸುಮ್ಮನಿರುತ್ತದೆ. ಹೊಸ ಕಾರ್ಡಿನ ಮೇಲೆ ಇನ್ನೊಂದು ಗಣಕದಿಂದ ತಂತ್ರಾಂಶವನ್ನು ಬರೆದು ಹಾಕಿದರೆ ಯಂತ್ರ ಮತ್ತೆ ಏಳುತ್ತದೆ. ಸಂಗ್ರಹವಿರುವುದು ಡಿಸ್ಕಿನಲ್ಲಿ, ಕಾರ್ಡಿನಲ್ಲಲ್ಲ. ಯಂತ್ರ ಸತ್ತರೆ ಹಾಡೂ ಸತ್ತಿತೆಂದು ಭಾವಿಸುವವರು ಇದೊಂದನ್ನು ತಿಳಿದಿದ್ದರೂ ಎಷ್ಟೋ ಪೆಟ್ಟಿಗೆಗಳು ಅಟ್ಟ ಸೇರುವುದು ತಪ್ಪುತ್ತದೆ.

ಚಿತ್ರವೇ ಬಾರದಿದ್ದರೆ ಟಿ.ವಿ.ಯನ್ನು ಮೊದಲು ಹಚ್ಚಿ, ಆಮೇಲೆ ಪೆಟ್ಟಿಗೆಗೆ ವಿದ್ಯುತ್ತು ಕೊಟ್ಟು ನೋಡಬೇಕು. ಹಳೆಯ ಪೈಗಳು ಆರಂಭದಲ್ಲಿ ಟಿ.ವಿ. ಕಾಣದಿದ್ದರೆ ಚಿತ್ರ ಕಳಿಸುವುದಿಲ್ಲ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ ಸೆಖೆಯನ್ನು ಸಂಶಯಿಸಬೇಕು. ಸುಮಾರು 80 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಈ ಯಂತ್ರ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಚೆನ್ನೈನ ಮೇ ತಿಂಗಳಲ್ಲಿ ಗಾಜಿನ ಬಾಗಿಲು ಮುಚ್ಚಿದ ಶೋಕೇಸಿನೊಳಗೆ ಇಟ್ಟರೆ ಅದು ಇನ್ನೇನು ಮಾಡೀತು?

ಕೆಲವು ತೊಡಕುಗಳು ಮೇಲ್ನೋಟಕ್ಕೆ ರೋಗದಂತಿದ್ದರೂ ರೋಗವಲ್ಲ. ಹಳೆಯ ಪೈಯಲ್ಲಿ ಡಿ.ವಿ.ಡಿ.ಯ ಸಿನಿಮಾ ಮಾತ್ರ ಕುಂಟಿದರೆ, ಆ ಚಿತ್ರದ ಎಂಪೆಗ್-2 ರೂಪವನ್ನು ಯಂತ್ರಾಂಶದಲ್ಲೇ ಬಿಡಿಸುವ ಪರವಾನಗಿಯನ್ನು ಆ ಮಾದರಿಗಳಿಗೆ ಬೇರೆಯಾಗಿ ಕೊಳ್ಳಬೇಕಿತ್ತು ಎಂಬುದೇ ಕಾರಣವಿರಬಹುದು. ಕನ್ನಡದಲ್ಲಿ ಹೆಸರಿಟ್ಟ ಕಡತ ತೆರೆಯ ಮೇಲೆ ಬರಿಯ ಚೌಕಗಳಾಗಿ ಕಂಡರೆ ಕಡತ ಕೆಟ್ಟಿಲ್ಲ, ಅಲ್ಲಿ ಬಳಸಿದ ಫಾಂಟಿನಲ್ಲಿ ಕನ್ನಡವಿಲ್ಲ ಅಷ್ಟೆ. ಅಕ್ಷರಗಳಿದ್ದೂ ಒತ್ತುಗಳು ಬಿಡಿಬಿಡಿಯಾಗಿ ಬಿದ್ದರೆ ಅವುಗಳನ್ನು ಕೂಡಿಸುವ ವ್ಯವಸ್ಥೆಯ ಕೊರತೆ. ‘ನಾಗರಹಾವು’ ಎಂದು ಹೆಸರಿಟ್ಟರೆ ಪುಟ್ಟಣ್ಣ ಕಣಗಾಲರ ಚಿತ್ರದ ಬದಲು ಬೇರೊಂದರ ಪೋಸ್ಟರು ಬಂದೀತು. ಅದೇ ಹೆಸರಿನ ಚಿತ್ರಗಳು 1972, 2002, 2016ರಲ್ಲಿ ಬಂದಿವೆ. ಕಡತದ ಹೆಸರಿನ ಜೊತೆ ಇಸವಿಯನ್ನೂ ಬರೆದರೆ ಗೊಂದಲ ತೀರುತ್ತದೆ.

ಇಷ್ಟು ತಾಪತ್ರಯವೇಕೆ, ಚಂದಾ ಕಟ್ಟಿದರೆ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹೊಸ ಚಿತ್ರ ನೋಡಲು ಅದೇ ಸುಲಭದ ದಾರಿ. ಆದರೆ ಹಕ್ಕಿನ ಅವಧಿ ಮುಗಿದ ಚಿತ್ರ ಒಂದು ದಿನ ಅಲ್ಲಿಂದ ಮಾಯವಾಗುತ್ತದೆ. ಅದನ್ನು ಹಿಂದಿರುಗಿಸಿರೆಂದು ಕೇಳುವ ಅಧಿಕಾರ ಚಂದಾದಾರನಿಗಿಲ್ಲ. ನಮ್ಮ ಅಜ್ಜಿಯ ಹಾಡನ್ನಂತೂ ಯಾವ ಕಂಪನಿಯೂ ಇಟ್ಟುಕೊಂಡಿಲ್ಲ. ಊರಲ್ಲಿರುವವರಿಗೆ ಕನ್ನಡ ಬೀದಿಯಲ್ಲೇ ಕೇಳಿಸುತ್ತದೆ. ಮರಾಠಿ, ತಮಿಳು, ತೆಲುಗು, ಹಿಂದಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅದು ಕೇಳಿಸುವುದು ಮನೆಯೊಳಗೆ, ಅದರಲ್ಲೂ ಒಂದಷ್ಟು ಪಾಲು ಈ ಪೆಟ್ಟಿಗೆಯಿಂದ.

ವಯಸ್ಸಾದವರು ಇದನ್ನೆಲ್ಲ ಕಲಿಯಬೇಕೇ ಎಂಬುದು ಇನ್ನೊಂದು ಆಕ್ಷೇಪ. ಎಲ್ಲವನ್ನೂ ಕಲಿಯಬೇಕಿಲ್ಲ. ಮಿಕ್ಸಿ ನಿಂತಾಗ ಪ್ಲಗ್ಗು ಸರಿಯಿದೆಯೇ, ಬೇರೆ ಪಾಯಿಂಟಿನಲ್ಲಿ ಓಡುತ್ತದೆಯೇ ಎಂದು ನೋಡದೆ ಯಾವ ಗೃಹಿಣಿಯೂ ಅದನ್ನು ಎಸೆಯುವುದಿಲ್ಲ. ಅದೇ ವಿವೇಕ ಇಲ್ಲಿಗೂ ಸಾಕು. ಕೊರತೆಯಿರುವುದು ಬುದ್ಧಿಯದಲ್ಲ, ಕನ್ನಡದಲ್ಲಿ ಹೇಳಿಕೊಡುವವರದು. ಗೊತ್ತಿರುವವರು ಅದನ್ನು ಇಂಗ್ಲಿಷಿನಲ್ಲಿ ತಮ್ಮ ತಲೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ.

ಆದುದರಿಂದ ಪೆಟ್ಟಿಗೆಯನ್ನು ಕಟ್ಟಿದವರಿಗೆ ನನ್ನ ಕೋರಿಕೆ ಇಷ್ಟು. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ: ಯಾವ ಅಡಾಪ್ಟರ್, ಯಾವ ತಂತಿ ಎಲ್ಲಿಗೆ, ಗುಪ್ತಪದ ಯಾವುದು, ಸಂಗ್ರಹ ಯಾವ ಡಿಸ್ಕಿನಲ್ಲಿದೆ, ಅದರ ಎರಡನೆಯ ಪ್ರತಿ ಯಾರ ಮನೆಯಲ್ಲಿದೆ. ಎರಡನೆಯ ಪ್ರತಿ ಇಲ್ಲದಿದ್ದರೆ ಈ ವಾರವೇ ಮಾಡಿ, ಏಕೆಂದರೆ ಡಿಸ್ಕಿಗೂ ಆಯುಸ್ಸಿದೆ. ಬರೆದಿಟ್ಟ ಹೊಸ ಕಾರ್ಡೊಂದನ್ನು ಲಕೋಟೆಯಲ್ಲಿ ಹಾಕಿ ಆ ಹಾಳೆಯ ಜೊತೆ ಟಿ.ವಿ.ಯ ಕೆಳಗಿಡಿ. ಆಮೇಲೆ ಒಂದು ಭಾನುವಾರ ನೀವು ಸುಮ್ಮನೆ ಕುಳಿತು, ಮನೆಯ ಇನ್ನೊಬ್ಬರಿಂದ ಕಾರ್ಡು ಬದಲಿಸಿಸಿ ನೋಡಿ. ಅವರ ಕೈಯಲ್ಲಿ ಪೆಟ್ಟಿಗೆ ಏಳದಿದ್ದರೆ ತಿದ್ದಬೇಕಾದದ್ದು ನೀವು ಬರೆದ ಹಾಳೆಯನ್ನು.